ಎರಡು ಸಲ ಎಣಿಸಿದವರು

ಸೋಮವಾರ ಬೆಳಿಗ್ಗೆ,
ಪಾರ್ಕಿನ ಗೇಟು ತೆರೆಯುವ ಮುನ್ನ

ಜಾರುಬಂಡೆ ಇಂಜಿನಿಯರರಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಆ ಹಾಳೆಯನ್ನೇ ಬಿಟ್ಟು ಹೊಸದು ತೆಗೆದುಕೊಂಡೆ. ಇದರಲ್ಲಿ ಆ ಮಾತಿಲ್ಲ. ಇದೆ ಎಂದುಕೊಂಡೇ ಓದಿ.

ನೀವು ಮನೆ ಬಿಟ್ಟು ಹೋದ ನಾಲ್ಕು ವರ್ಷಕ್ಕೆ ಬಂದ ಮೊದಲ ಕಾಗದ ಹನ್ನೆರಡು ಸಾಲಿನದು. ಹತ್ತು ಸಾಲು ಪಾರ್ಕಿನ ವಿಚಾರ. ನಮ್ಮ ಮಾಲೀಕರು ಹಿಂದಿನ ಬಯಲನ್ನೂ ಸೇರಿಸಿಕೊಂಡು ಪಾರ್ಕು ದೊಡ್ಡದು ಮಾಡುತ್ತಾರಂತೆ, ಹೊಸ ಆಟಗಳ ನಕ್ಷೆ ನಿಮಗೇ ಒಪ್ಪಿಸುತ್ತಾರಂತೆ, ಒಪ್ಪಿದರೆ ನೀವು ಎರಡು ವರ್ಷ ಇಲ್ಲೇ ಇರಬೇಕಾಗುತ್ತದಂತೆ. ಹನ್ನೊಂದನೆಯ ಸಾಲಿನಲ್ಲಿ, ಗೇಟಿನಲ್ಲಿ ಕೂತು ಜನರನ್ನು ಎಣಿಸುವವಳು ನೀನು, ದೊಡ್ಡದು ಮಾಡಿದರೆ ನಿಜವಾಗಿ ಜನ ಹೆಚ್ಚುತ್ತಾರಾ ಎಂದು ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ ನನ್ನ ಮಂಡಿನೋವು ಹೇಗಿದೆ ಎಂದಿದ್ದೀರಿ. ಇದೆ. ನಿಮಗಿಂತ ನಿಷ್ಠೆಯದು, ಬಿಟ್ಟು ಹೋಗಿಲ್ಲ.

‘ಎರಡು ವರ್ಷ ಇಲ್ಲೇ’ ಎಂಬುದನ್ನು ಎಷ್ಟು ಸಲ ಓದಿದೆನೋ. ಮಂಚದ ನಿಮ್ಮ ಮಗ್ಗುಲಿಗೆ ಮಡಿಸದ ಬಟ್ಟೆ ರಾಶಿ ಹಾಕಿಕೊಂಡಿದ್ದೆ. ಎಲ್ಲ ಬೀರುವಿಗೆ ಸೇರಿಸಿದೆ. ಪಕ್ಕದ ಮನೆಯ ದರ್ಜಿ ಅಕ್ಕ ನೋಡಿ, ಯಾರಮ್ಮಾ ನೆಂಟ್ರು ಬರ್ತಿರೋದು ಅಂದರು. ಯಾರೂ ಇಲ್ಲ ಅಂದೆ. ನಂಬದೆ ನಗುತ್ತಾ ಹೋದರು. ನನಗೆ ನೀವು ಬೇಕು. ಇದನ್ನು ಹೇಳದೆ ಮಿಕ್ಕಿದ್ದನ್ನು ಬರೆದರೆ ಕಳ್ಳತನವಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಈಗ ನಿಮ್ಮ ಪ್ರಶ್ನೆ. ಜನ ಹೆಚ್ಚುವುದಿಲ್ಲ. ಹೊಸದರಲ್ಲಿ ಒಂದು ರಜೆಗೆ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ನಮಗೆ ಕೊರತೆ ಮೊದಲ ಸಲ ಬರುವವರದಲ್ಲ, ಎರಡನೆಯ ಸಲ ಬರುವವರದು. ಇರುವ ಒಂಬತ್ತು ಆಟಗಳಲ್ಲಿ ಮೂರು ಕೆಟ್ಟು, ಅಡ್ಡ ಹಗ್ಗ ಕಟ್ಟಿದ್ದಾರೆ. ಸಾಲು ನಿಲ್ಲುವ ಕಡೆ ನೆರಳಿಲ್ಲ. ಮಧ್ಯಾಹ್ನದ ಮೇಲೆ ಹೆಂಗಸರ ಶೌಚಾಲಯದಲ್ಲಿ ನೀರಿಲ್ಲ. ಮೊನ್ನೆ ಒಬ್ಬರು ಅಜ್ಜಿ ಮೊಮ್ಮಗಳ ಕೈ ಹಿಡಿದು ಹೊರಟವರು, ಕೂರಕ್ಕೆ ಒಂದು ಬೆಂಚಾದ್ರೂ ಇದ್ದಿದ್ರೆ ಇನ್ನೊಂದು ಗಂಟೆ ಇರ್ತಿದ್ವಿ ಕಣಮ್ಮಾ ಅಂದರು. ಅವರು ಕೇಳಿದ್ದು ಬೆಂಚು, ನಾವು ಹಾಕಹೊರಟಿರುವುದು ಆಕಾಶಕ್ಕೆ ಏಣಿ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಹಾಗಾದರೆ ಮೂರು ತಿಂಗಳಿಂದ ಜನ ಹೆಚ್ಚಾಗಿದ್ದಾರೆಂದು ಮಾಲೀಕರು ನಿಮಗೆ ಕಳಿಸಿದ ಪಟ್ಟಿ? ಅದು ನನ್ನ ಕೈವಾಡ.

ಊಟಕ್ಕೆ ಹೊರಗೆ ಹೋಗುವವರ ಕೈಗೆ ನೀಲಿ ಮುದ್ರೆ ಒತ್ತುತ್ತೇವೆ. ಅದನ್ನು ತೋರಿಸಿ ಮರಳಿ ಒಳಗೆ ಬಂದವರನ್ನು ಎಣಿಸುವಂತಿಲ್ಲ. ನೀವು ಇಲ್ಲಿದ್ದಾಗ ಮಾಡಿದ ನಿಯಮವೇ ಅದು. ಗೇಟಿಗೆ ಟಿಕೆಟಿಲ್ಲ, ದುಡ್ಡು ಒಳಗಿನ ಆಟಕ್ಕಷ್ಟೇ, ಹಾಗಾಗಿ ಬಂದವರ ಲೆಕ್ಕವೆಂದರೆ ನನ್ನ ಕೈಯ ಎಣಿಕೆ ಯಂತ್ರದ್ದೇ. ಮೂರು ತಿಂಗಳ ಹಿಂದೆ ಮಾಲೀಕರು, ಜನ ಸ್ವಲ್ಪ ಹೆಚ್ಚಾದ್ರೆ ಪಾರ್ಕು ದೊಡ್ಡದು ಮಾಡೋಣಮ್ಮಾ, ನಿಮ್ಮ ಯಜಮಾನ್ರನ್ನೇ ಕರೆಸೋಣ ಅಂದರು. ಮರುದಿನ ಮಧ್ಯಾಹ್ನ ಒಂದು ಮುದ್ರೆಯ ಕೈ ಕಂಡಾಗ ನನ್ನ ಹೆಬ್ಬೆರಳು ಎಣಿಕೆಯ ಗುಂಡಿ ಒತ್ತಿತು. ಕೈತಪ್ಪಿ ಒತ್ತಿದೆ ಎಂದು ಬರೆಯಬಹುದಿತ್ತು. ಬೇಕೆಂದೇ ಒತ್ತಿದೆ. ಆಮೇಲೆ ದಿನವೂ ಒತ್ತಿದೆ. ಹಸಿದು ಊಟಕ್ಕೆ ಹೋಗಿ ಬಂದವರೆಲ್ಲ ಹೊಸ ಜನವಾದರು. ಮಾಲೀಕರು ಪಟ್ಟಿ ನೋಡಿ, ಜನ ಬರ್ತಿದಾರಲ್ಲಮ್ಮಾ, ಇನ್ನೇನು ಬೇಕು ಎಂದು ಹಿಗ್ಗಿದರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೇರೆ ಊರಿನ ಕೆಲಸಕ್ಕೆ ನೀವು ಹೊರಡುವಾಗ, ಜೊತೆಗೆ ಬಾ ಎಂದು ಒಂದು ಸಲ ಕರೆದಿರಿ. ಗೇಟು ಬಿಟ್ಟು ಬರಲಾರೆ ಎಂದು ಬಿಗುಮಾನದಲ್ಲಿ ಅಂದೆ. ಇನ್ನೊಂದು ಸಲ ಕರೆಯುತ್ತೀರಿ ಎಂದು ಬಸ್ಸು ಹೊರಡುವವರೆಗೂ ಕಾದೆ. ನೀವು ಕರೆಯಲಿಲ್ಲ, ನಾನು ಬಾಯಿ ಬಿಡಲಿಲ್ಲ. ನಿಮ್ಮ ಮೇಲೆ ಗೂಬೆ ಕೂರಿಸಿ ಎರಡು ವರ್ಷ ಕಳೆದೆ. ಉಳಿದೆರಡು ವರ್ಷ ಬರೀ ಕಾದೆ.

ನಕ್ಷೆ ಬರೆಯಬೇಡಿ. ಅಷ್ಟು ದುಡ್ಡು ಸುರಿದ ಮೇಲೂ ಜನ ಬರದಿದ್ದರೆ ಇಲ್ಲಿನ ಅರವತ್ತು ಮಂದಿಯ ಕೆಲಸ ಹೋಗುತ್ತದೆ, ದೂರು ಮಾತ್ರ ನಿಮ್ಮ ತಲೆಗೆ ಬರುತ್ತದೆ. ನೀವು ಕಟ್ಟಿದ್ದರ ಕೆಳಗೆ ಸಾಲು ಖಾಲಿ ಇರುವುದನ್ನು ಈ ಗೇಟಿನಿಂದ ನೋಡುವುದು ನನ್ನಿಂದಾಗದು. ಮಾಲೀಕರಿಗೆ ನಾನು ಹೇಳಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಬೇರೆ ಕೆಲಸವಿದೆ ಎಂದು ನೀವೇ ಒಂದು ನೆಪ ಹೇಳಿಬಿಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಕ್ಷೆಗೆ ಕೂತರೆ ಊಟ ಮರೆಯುವವರು ನೀವು.

ಇಂತಿ,
ನಿಮ್ಮ ಗೇಟಿನವಳು

ತಾ.ಕ.: ಇಂದು ಬುಧವಾರ. ಕಾಗದ ಎರಡು ದಿನ ಚೀಲದಲ್ಲೇ ಉಳಿಯಿತು. ನನ್ನ ತಪ್ಪಿಗೆ ನೀವೇಕೆ ಸುಳ್ಳು ಹೇಳಬೇಕು ಅನ್ನಿಸಿ, ಬೆಳಿಗ್ಗೆ ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಆ ಪಟ್ಟಿ ತೆಗೆದು ಹರಿದುಹಾಕಿದರು. ಪಾರ್ಕು ದೊಡ್ಡದು ಮಾಡುವ ವಿಚಾರ ಬಿಟ್ಟರು. ನನ್ನನ್ನು ಗೇಟಿನಿಂದ ತೆಗೆದು, ಜನ ಬಿಟ್ಟುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ. ಹಾಗಾಗಿ ನೀವು ಇಲ್ಲಿಗೆ ಬರಬೇಕಾದ ಕೆಲಸ ಯಾವುದೂ ಉಳಿದಿಲ್ಲ. ಆದರೂ ಬನ್ನಿ.