ಓಡುವ ದನಿ

ಏಪ್ರಿಲ್ ೧೧, ಶನಿವಾರ

ಪ್ರೀತಿಯ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಭಾವನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂದರೆ ಬೇಕೆಂದೇ ಎರಡು ಸಲ ಹತ್ತುವ ಮನುಷ್ಯ ಅವರು. ನಾನು ಕಾಗದ ಬರೆದು ಬಹಳ ದಿನವಾಯಿತು. ನೀನು ಫೋನು ಮಾಡಿದಾಗಲೆಲ್ಲ ಅಂಗಡಿಯಲ್ಲಿ ಪುರಸೊತ್ತಿಲ್ಲ ಅಂತ ಮಗಳ ಕೈಲಿ ಹೇಳಿಸಿದೆ. ಅದು ಸುಳ್ಳು. ನಿನ್ನ ಮೇಲೆ ಸಿಟ್ಟು ಬಂದಿತ್ತು. ಒಡಹುಟ್ಟಿದವಳ ಮೇಲೆ ಇಲ್ಲದ ಅನುಮಾನ ಪಟ್ಟೆ, ತಪ್ಪಾಯಿತು. ಬೈಯಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈಯಿ.

ನನ್ನ ಕಿವಿಯ ವಿಷಯ ನಾನು ಬರೆದದ್ದು ನಿನಗೊಬ್ಬಳಿಗೇ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ನಿಧಾನಕ್ಕೆ ಮಂದವಾಗುತ್ತಿದೆ, ಯಂತ್ರ ಹಾಕಿಕೊಂಡರೆ ಇನ್ನೂ ಎಷ್ಟೋ ವರ್ಷ ಕೆಲಸ ಮಾಡಬಹುದು ಅಂತ ಡಾಕ್ಟರು ಹೇಳಿದ್ದು. ಯಾಕೆ ಗುಟ್ಟು ಮಾಡಿದೆ ಅಂತ ನೀನು ಕೇಳಿದ್ದೆ. ನಮ್ಮ ಅಂಗಡಿಗೆ ಬರುವವರು ಯಾರು ಹೇಳು? ಮೊನ್ನೆ ಮೊನ್ನೆ ಕಣ್ಣು ಕಳೆದುಕೊಂಡವರು. ಬಿಳಿ ಕೋಲು, ಮಾತಾಡುವ ಗಡಿಯಾರ, ಪುಸ್ತಕ ಓದಿ ಹೇಳುವ ಯಂತ್ರ, ಅವನ್ನೆಲ್ಲ ಯಾರು ಬೇಕಾದರೂ ಮಾರಬಹುದು. ಪಕ್ಕದಲ್ಲಿ ಕೂತು, ಕಿವಿಯಿಂದ ಬದುಕೋದು ಹೀಗೆ ಅಂತ ತೋರಿಸಿಕೊಡುವವಳು ನಾನು. ಹುಟ್ಟಿದಾಗಿನಿಂದ ಕಣ್ಣಿಲ್ಲದವಳು ಅನ್ನುವುದೇ ನನಗೆ ಬಂಡವಾಳ. ಕಿವಿಯೂ ಇಲ್ಲವಂತೆ ಅಂತ ಸುದ್ದಿಯಾದರೆ ನನ್ನ ಹತ್ತಿರ ಯಾರು ಕಲಿಯೋಕೆ ಬರುತ್ತಾರೆ?

ಈಗ ಒಬ್ಬ ನಿವೃತ್ತ ಬಸ್ ಡ್ರೈವರು ಬರುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಓದುವ ಯಂತ್ರದ ಮುಂದೆ ಮೊದಲ ದಿನ ಕೂರಿಸಿದಾಗ, "ಇದೇನಮ್ಮ, ಮೂಗು ಕಟ್ಟಿದ ಕಂಡಕ್ಟರ್ ಕೂಗಿದ ಹಾಗಿದೆ" ಅಂದರು. ಈಗ ದಿನಾ ಬೆಳಗ್ಗೆ ಪೇಪರು ಓದಿಸಿಕೊಂಡು, ಹೆಂಡತಿಗೆ ತಾವೇ ಸುದ್ದಿ ಹೇಳುತ್ತಾರಂತೆ. ಇಂಥದ್ದು ಒಂದು ಕಿವಿಗೆ ಬಿದ್ದರೆ ಸಾಕು ನನಗೆ, ಹೊಟ್ಟೆ ತುಂಬಿದ ಹಾಗೆ.

ಫೆಬ್ರವರಿ ಕೊನೆಗೆ ಆ ಓದುವ ಯಂತ್ರ ತಯಾರಿಸುವ ಕಂಪನಿಯ ಅಧಿಕಾರಿ ಬಂದಿದ್ದರು. ಪ್ರತಿ ಮೂರು ವರ್ಷಕ್ಕೆ ನಮ್ಮ ಏಜೆನ್ಸಿಯನ್ನು ಅವರು ಹೊಸದು ಮಾಡಿಕೊಡಬೇಕು. ಒಳ್ಳೇ ಮನುಷ್ಯ. ಕಾಫಿ ಕುಡಿದು, ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ಮೆತ್ತಗೆ, "ನಿಮ್ಮ ಕಿವಿಯ ವಿಷಯ ಕೇಳಿ ಬೇಜಾರಾಯ್ತು ಮೇಡಂ. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತಗೊಳ್ಳಿ. ಏಜೆನ್ಸಿ ನಿಮ್ಮ ಮೈದುನರ ಹೆಸರಿಗೂ ನಿಮ್ಮ ಮಗಳ ಹೆಸರಿಗೂ ಆಗಿದೆ. ಮನೆಯಲ್ಲೇ ಉಳೀತಲ್ಲ" ಅಂದರು. ನಾನು ಅದನ್ನು ಕೇಳಿದ್ದು ಅದೇ ಮೊದಲು. "ಹೌದೌದು, ನನಗೆ ಗೊತ್ತು" ಅಂದೆ. ಬೇರೇನು ಅನ್ನಲಿ, ಪರರ ಮುಂದೆ ಮರ್ಯಾದೆ ಕಳೆದುಕೊಳ್ಳಲಾ?

ಆ ರಾತ್ರಿಯಿಂದ ನಿನ್ನ ಮೇಲೆ ಸಿಟ್ಟು. ನಿನಗೊಬ್ಬಳಿಗೇ ಗೊತ್ತಿದ್ದ ಮಾತು ಮೈದುನನ ಬಾಯಿಗೆ ಹೇಗೆ ಹೋಯಿತು? ಅವನೂ ಭಾವನೂ ಫೋನಿನಲ್ಲಿ ಹರಟೆ ಹೊಡೀತಾರಲ್ಲ, ಅಲ್ಲಿಂದಲೇ ಅಂತ ತೀರ್ಮಾನ ಮಾಡಿಬಿಟ್ಟೆ. ಒಂದು ತಿಂಗಳು ಒಳಗೊಳಗೇ ಕುದ್ದೆ.

ಆಮೇಲೆ ಒಂದು ದಿನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಬಂದ ಸಂದೇಶ ಕೇಳುತ್ತಿರುವಾಗ ಹೊಳೆಯಿತು. ನಮ್ಮ ಫೋನು ಓದುವ ವೇಗ ನಿನಗೆ ಗೊತ್ತಲ್ಲ. "ಇದೇನೇ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಿದೆ, ಮಾತಾ ಇದು?" ಅಂತ ನೀನೇ ನಗುತ್ತಿದ್ದೆ. ನನ್ನಂಥವರಿಗೆ ಅದು ಅಭ್ಯಾಸ, ಕಣ್ಣಿದ್ದವರಿಗೆ ಒಂದಕ್ಷರ ತಿಳಿಯೋದಿಲ್ಲ. ಅದಕ್ಕೇ ನೀನು ಫೋನಿಗೆ ಕಳಿಸುವ ಕಾಗದಗಳನ್ನೂ ಅಂಗಡಿಯಲ್ಲೇ ಜೋರಾಗಿ ಓದಿಸುತ್ತಿದ್ದೆ. ಉಳಿದಿರುವ ಒಂದು ಕಿವಿಗೆ ಇಯರ್‌ಫೋನ್ ತುರುಕಿದರೆ ಬಾಗಿಲಿಗೆ ಗಿರಾಕಿ ಬಂದದ್ದೂ ಗೊತ್ತಾಗಲ್ಲ. "ಎಡಗಿವಿ ಪೂರ್ತಿ ಹೋಯಿತಾ ಪುಟ್ಟಿ, ಬಲಗಿವಿಗೆ ಡಾಕ್ಟರು ಏನಂದರು?" ಅಂತ ನೀನು ಬರೆದದ್ದನ್ನು ಓದಿಸಿದ್ದೂ ಅಲ್ಲೇ, ಎಲ್ಲರೂ ಇರುವಾಗಲೇ. ನಾಲ್ಕು ಗೋಡೆಯ ನಡುವೆ ಕೂತಷ್ಟೇ ಧೈರ್ಯ ನನಗೆ.

ಮೈದುನನಿಗೆ ಆ ದನಿ ಅರ್ಥವಾಗುತ್ತಾ ಅಂತ ಒಂದು ಪರೀಕ್ಷೆ ಮಾಡಿದೆ. ನಗಬೇಡ. ನನಗೆ ನಾನೇ ಒಂದು ಸಂದೇಶ ಬರೆದುಕೊಂಡೆ: "ನನ್ನ ಮೈದುನನ ಪ್ಯಾಂಟು ಹಿಂದೆ ಹರಿದಿದೆ, ಒಳಗಿನ ಚಡ್ಡಿಯ ಬಣ್ಣ ಗಿರಾಕಿಗಳಿಗೆಲ್ಲ ಕಾಣುತ್ತಿದೆ." ಅವನು ಕೌಂಟರಿನಲ್ಲಿ ಒಬ್ಬ ಹೆಂಗಸಿಗೆ ಅಕ್ಷರ ದೊಡ್ಡದು ಮಾಡಿ ತೋರಿಸುವ ಪರದೆ ವಿವರಿಸುತ್ತಿದ್ದ. ಅದೇ ವೇಗದಲ್ಲಿ ಓದಿಸಿದೆ. ಅರ್ಥವಾಗಿದ್ದರೆ ಯಾವ ಗಂಡಸಾದರೂ ಒಂದು ಸಲ ಹಿಂದೆ ಮುಟ್ಟಿ ನೋಡಿಕೊಳ್ಳದೆ ಇರಲ್ಲ, ಮಾತಾದರೂ ತಡವರಿಸುತ್ತೆ. ಇವನು, "ಈ ಗುಂಡಿ ತಿರುಗಿಸಿದರೆ ಬೆಳಕು ಜಾಸ್ತಿ ಆಗುತ್ತೆ" ಅಂತ ಸರಾಗವಾಗಿ ಹೇಳುತ್ತಲೇ ಇದ್ದ. ಅವನಿಗೆ ಆ ದನಿ ತಿಳಿಯೋದಿಲ್ಲ.

ಅವತ್ತು ಸಂಜೆಯೇ ನೇರವಾಗಿ ಕೇಳಿದೆ. "ಅತ್ತಿಗೆ, ನಿಮ್ಮ ಒಳ್ಳೇದಕ್ಕೇ ಮಾಡಿದ್ದು" ಅಂದ. "ಇವತ್ತಲ್ಲ ನಾಳೆ ಕಂಪನಿಯವರೇ ಬೇರೆಯವರಿಗೆ ಕೊಡ್ತಿದ್ರು."

"ಒಳ್ಳೇದು ಮಾಡೋನು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀವು ಒಪ್ತಿದ್ರಾ?"

"ನನ್ನ ಕಿವಿ ವಿಷಯ ನಿನಗೆ ಹೇಳಿದ್ದು ಯಾರು?"

"ಯಾರು ಹೇಳಿದ್ರೆ ಏನು ಅತ್ತಿಗೆ, ಸುಳ್ಳಾ ಅದು?" ಅಂದು ಬೀಗದ ಕೈ ಎತ್ತಿಕೊಂಡು ಹೊರಟ.

ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದವನನ್ನು, ನಮ್ಮ ಮನೆಯವರು ತೀರಿಕೊಂಡ ಮೇಲೆ ಕರೆದು ಆ ಕೌಂಟರಿನಲ್ಲಿ ಕೂರಿಸಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡೋದು? ನಾನು ಮಲಗಿದ್ದಾಗ ಫೋನು ತೆಗೆದು ನಿನ್ನ ಕಾಗದ ಓದಿರಬೇಕು. ಮಗಳ ಹೆಸರನ್ನೂ ಅವಳಿಗೆ ತಿಳಿಯದ ಹಾಗೆ ಸೇರಿಸಿಕೊಂಡಿದ್ದಾನೆ, ನಾನು ಬಾಯಿ ತೆಗೆಯಬಾರದು ಅಂತ. ಬರುವ ತಿಂಗಳಿಂದ ಗಿರಾಕಿಗಳಿಗೆ ಕಲಿಸುವವಳು ಅವಳಂತೆ. ನಾನು ಸಲಹೆಗಾರ್ತಿಯಂತೆ. ಯಾರೂ ಸಲಹೆ ಕೇಳದ ಹುದ್ದೆ ಅದು. ಡ್ರೈವರಿಗೆ ಹೇಳಿದಾಗ, "ಹಾಗಾದ್ರೆ ನಾನು ನಿಮ್ಮ ಮನೆಗೇ ಬರ್ತೀನಿ, ಹಾದಿ ಹೇಳಿ" ಅಂದರು. ಅಲ್ಲಿವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ನೀನು ಇದಕ್ಕಾಗಿ ಓಡಿ ಬರಬೇಡ, ಭಾವನನ್ನು ನೋಡಿಕೋ. ನಿನ್ನ ಮೊಮ್ಮಗನಿಗೆ ನನ್ನ ಎರಡು ಮುತ್ತು. ನಿಮ್ಮ ಮನೆ ತಣ್ಣಗಿರಲಿ, ನಿಮ್ಮನ್ನು ನಂಬಿಸಿ ಕೈಕೊಡುವವರು ಯಾರೂ ಆ ಹೊಸ್ತಿಲು ತುಳಿಯದಿರಲಿ. ನನ್ನ ಮೇಲೆ ಮುನಿಸಿದ್ದರೆ ಬಿಟ್ಟುಬಿಡು.

ನಿನ್ನ
ಪುಟ್ಟಿ

ತಾ.ಕ.: ಒಂದು ವಿಷಯ ಬಿಟ್ಟು ಬರೆದಿದ್ದೆ. ಹಾಗೇ ಕಳಿಸಿಬಿಡೋಣ ಅಂತಿದ್ದೆ, ಮನಸ್ಸು ಕೇಳಲಿಲ್ಲ. ಮೈದುನ ನನ್ನ ಫೋನು ಮುಟ್ಟಿಲ್ಲ. ಪ್ಯಾಂಟು ಹರಿದಿದೆ ಅಂತ ಫೋನು ಹೇಳಿದಾಗ ಅವನು ಅಲ್ಲಾಡಲಿಲ್ಲ ನಿಜ, ಆದರೆ ಹಿಂದಿನ ಮೂಲೆಯಲ್ಲಿ ಪೆಟ್ಟಿಗೆಗೆ ಮಗಳು ಅಂಟಿಸುತ್ತಿದ್ದ ಟೇಪಿನ ಸದ್ದು ನಿಂತುಹೋಯಿತು. ಪುಸಕ್ಕನೆ ನಗು ಬಂತು ಅವಳಿಗೆ, ತಕ್ಷಣ ಕೆಮ್ಮಿ ಮುಚ್ಚಿಕೊಂಡಳು. ನನ್ನ ತೊಡೆಯ ಮೇಲೆ ಆ ದನಿ ಕೇಳಿಕೊಂಡೇ ಬೆಳೆದವಳಲ್ಲವಾ ಅಕ್ಕ, ಅವಳಿಗೆ ಅದೂ ಒಂದು ತಾಯಿಮಾತೇ. ಇಷ್ಟು ವರ್ಷ ನನಗೆ ಹೊಳೆಯಲಿಲ್ಲ, ಅವಳೂ ಹೇಳಲಿಲ್ಲ. ಅಧಿಕಾರಿಗೆ ಫೋನು ಮಾಡಿ ಕೇಳಿದೆ. ಚಿಕ್ಕಪ್ಪನ ಜೊತೆ ಅವರ ಕಚೇರಿಗೇ ಹೋಗಿ ರುಜು ಹಾಕಿ ಬಂದಿದ್ದಾಳೆ. ನನಗೆ ಗೊತ್ತಾಗಿದೆ ಅಂತ ಅವಳಿಗಿನ್ನೂ ಗೊತ್ತಿಲ್ಲ. ಈ ಎರಡು ತಿಂಗಳಿಂದ ಊಟಕ್ಕೆ ಕೂರುವಾಗ ತನ್ನ ಜಾಗ ಬಿಟ್ಟು ನನ್ನ ಬಲಕ್ಕೇ ಬಂದು ಕೂರುತ್ತಾಳೆ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳುತ್ತಾಳೆ. ದೊಡ್ಡವಳಾದ ಮೇಲೆ ಅಮ್ಮನ ಮೇಲೆ ಅಕ್ಕರೆ ಬಂತು ಅಂತ ನಾನು ಖುಷಿಯಾಗಿದ್ದೆ.