ಓಡಿದ ಮೇಲೂ ಕೈಯಿಟ್ಟು ನೋಡಿ

ರಾಜಗೋಪಾಲನಗರ, ಪೀಣ್ಯ
೧೨-೮-೧೯೮೩, ಶುಕ್ರವಾರ

ಯಜಮಾನರಿಗೆ ವಸಂತ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಆ ಬಿಳಿ ಕುದುರೆ ಒದ್ದ ಜಾಗಕ್ಕೆ ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಕುದುರೆಗಳ ಕಾಲು ನೀವುತ್ತಾ ನಿಮ್ಮದನ್ನೇ ಮರೆತಿದ್ದೀರೋ? ರೇಸ್ ಕುದುರೆಗಳ ಜೊತೆ ಹೈದರಾಬಾದಿಗೆ ಹೋದವರೆಲ್ಲ ಲಾಯದಲ್ಲೇ ಮಲಗುತ್ತೀರಂತೆ, ನಿಮ್ಮ ಜೊತೆಗಾರ ಮುನಿಯಣ್ಣ ಬಂದಾಗ ಹೇಳಿದರು. ಇರುವ ಒಂದು ಕಂಬಳಿಯನ್ನೂ ಕುದುರೆಗೆ ಹೊದಿಸಿ ಮಳೆಯಲ್ಲಿ ನಡುಗುತ್ತಾ ಕೂರಬೇಡಿ. ಇಲ್ಲಿ ನಾನು, ಭಾಗ್ಯ ಚೆನ್ನಾಗಿದ್ದೇವೆ. ಮಾವನವರೂ ಚೆನ್ನಾಗಿದ್ದಾರೆ, ನನ್ನ ಜೊತೆ ಮಾತು ಬಿಟ್ಟಿದ್ದಾರೆ ಅಷ್ಟೆ. ಯಾಕೆ ಅಂತ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದಿ.

ಕೆಂಚನಿಗೆ ಮೈ ಸರಿಯಿಲ್ಲ ಕಣ್ರೀ. ರೇಸಿನಿಂದ ಬಿಟ್ಟ ಕುದುರೆ ಅಂತ ನೀವು ತಂದು ಮಾವನ ಜಟಕಾಗೆ ಕಟ್ಟಿದ ಮೇಲೆ ಒಂದು ದಿನವೂ ಹಠ ಮಾಡದ ಪ್ರಾಣಿ ಅದು. ಹೋದ ತಿಂಗಳಿಂದ ಏರು ಸಿಕ್ಕಿದರೆ ಮೂಗಿನ ಹೊಳ್ಳೆ ಅರಳಿಸಿ ನಿಂತುಬಿಡುತ್ತಿತ್ತು. ಮಾವ ಹುರುಳಿ ಜಾಸ್ತಿ ಮಾಡಿದರು. ಆಮೇಲೊಂದು ಬೆಳಗ್ಗೆ ತುಮಕೂರು ರಸ್ತೆ ದಾಟುವಾಗ ತಡವರಿಸಿ ಮುಂಗಾಲು ಮಡಿಸಿ ಕುಸಿಯಿತು. ಗಾಡಿ ತುಂಬ ಸ್ಕೂಲ್ ಮಕ್ಕಳು, ನಮ್ಮ ಭಾಗ್ಯಳೂ ಇದ್ದಳು. ಎದುರಿಗೆ ಬಂದ ಲಾರಿಯವನು ಬ್ರೇಕ್ ಹಾಕಿ ಬಾಯಿಗೆ ಬಂದಂತೆ ಬೈದನಂತೆ. ಬೈಯಲಿ, ಅವನ ಹೊಟ್ಟೆ ತಣ್ಣಗಿರಲಿ. ಲಾಳ ಸಡಿಲವಾಗಿತ್ತು ಎಂದು ಮಾವ ಹೊಸ ಲಾಳ ಕಟ್ಟಿಸಿ ಸುಮ್ಮನಾದರು.

ನನಗೆ ಸಮಾಧಾನವಾಗಲಿಲ್ಲ. ಕಾಡಿ ಬೇಡಿ ದನದ ಆಸ್ಪತ್ರೆಯ ಡಾಕ್ಟರನ್ನು ಮನೆಗೇ ಕರೆಸಿದೆ. ಅವರು ಕೆಂಚನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಬಯಲಲ್ಲಿ ಓಡಾಡಿಸಿ ಮತ್ತೆ ಕೇಳಿದರು. ನಿಂತಿರುವಾಗ ಆಗಾಗ ಒಂದು ಬಡಿತ ತಪ್ಪುವುದು ಎಷ್ಟೋ ಒಳ್ಳೆಯ ಕುದುರೆಗಳಿಗೆ ಇರುತ್ತದಂತೆ, ಓಡಿದರೆ ತಾನೇ ಸರಿಹೋಗುತ್ತದಂತೆ. ಕೆಂಚನದು ಓಡಿದ ಮೇಲೆ ಇನ್ನೂ ಕೆಟ್ಟಿತು. ಹೃದಯದ ಕವಾಟ ಸೋರುತ್ತಿದೆ, ಹೃದಯ ಊದಿಕೊಂಡಿದೆ, ಅದಕ್ಕೇ ಬಡಿತ ದಿಕ್ಕುತಪ್ಪಿದೆ ಎಂದರು. "ಗಾಡಿಗೆ ಕಟ್ಬೇಡಿ ಯಜಮಾನ್ರೇ, ಎಳೀತಾ ಇರೋವಾಗ್ಲೇ ಬಿದ್ದೋಗ್ಬಹುದು" ಎಂದು ಮಾವನಿಗೆ ಕೈ ಮುಗಿದು ಹೋದರು.

ಮಾವ ಏನೆಂದರು ಗೊತ್ತೇ? "ನನ್ ಮಗ ದಿನಾ ರೇಸ್ ಕುದ್ರೆ ತಿಕ್ಕೋನು. ನಿಂತಾಗ ಒಂದೊಂದ್ ಬಡ್ತ ಬುಟ್ರೆ ಜಾತಿ ಕುದ್ರೆ ಅಂತ ಅವ್ನೇ ಯೋಳವ್ನೆ. ಅಸ ಎಮ್ಮೆ ನೋಡೋ ಡಾಕ್ಟ್ರಿಗೇನ್ ಗೊತ್ತು?" ಅದು ನಿಮ್ಮ ಮಾತೇ. ನನ್ನ ಎದುರಿಗೇ ಮಾವನ ಅಂಗೈಯನ್ನು ಕೆಂಚನ ಎಡ ಮುಂಗಾಲ ಸಂದಿಗಿಟ್ಟು ಎದೆಬಡಿತ ತೋರಿಸಿಕೊಟ್ಟಿದ್ದಿರಿ. ಓಡಿದ ಮೇಲೂ ನೋಡಬೇಕು ಎಂದಿದ್ದಿರಿ, ಅದನ್ನು ಅವರು ಕಿವಿಗೇ ಹಾಕಿಕೊಂಡಿಲ್ಲ. ದಿನಾ ಬೆಳಗ್ಗೆ ಗಾಡಿ ಕಟ್ಟುವ ಮುಂಚೆ, ಕುದುರೆ ತೆಪ್ಪಗೆ ನಿಂತಿರುವಾಗ, ಹಣೆಗೆ ಕುಂಕುಮವಿಟ್ಟು ಎದೆಗೆ ಕೈಯಿಡುತ್ತಾರೆ. ಬಡಿತ ಬಿಟ್ಟಿತೋ, ಮುಖ ಅರಳುತ್ತದೆ, ಮಗನ ಮಾತು ಸುಳ್ಳಾಗಲಿಲ್ಲ ಎಂದು! ಕಾಯಿಲೆ ಹೆಚ್ಚಿದಷ್ಟೂ ಅವರಿಗೆ ಖುಷಿ. ನಾನು ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಲಿ? ಮೊನ್ನೆ ಸಂಜೆ ಗಾಡಿ ಬಿಚ್ಚಿದ ಕೂಡಲೇ ನಾನೇ ಕೈಯಿಟ್ಟೆ. ಒನಕೆ ಹಿಡಿದು ಗೊತ್ತಿಲ್ಲದವಳು ಕುಟ್ಟಿದ ಹಾಗೆ, ಒಂದೇಟು ಅವಸರ, ಇನ್ನೊಂದು ಬರುವುದೇ ಇಲ್ಲ. ಕೆಂಚ ತಿರುಗಿ ನನ್ನ ಸೆರಗು ಮೂಸಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಎದುರುಮನೆ ರಾಮಮ್ಮನಿಗೆ, ನಿಮ್ಮ ಮಗಳನ್ನು ಗಾಡಿಯಲ್ಲಿ ಕಳಿಸಬೇಡಿ ಎಂದೆ. ಆಯಮ್ಮ ನಕ್ಕು, ನೆಟ್ಟಗೆ ಹೋಗಿ ಮಾವನಿಗೇ ಹೇಳಿದರು. "ಮನೇಲಿದ್ಕೊಂಡೇ ನನ್ ಗಾಡಿ ಮೇಲೆ ಚಾಡಿ ಯೋಳ್ತೀಯ" ಎಂದ ಮಾವ ಇವತ್ತಿಗೂ ನನ್ನ ಕೈಯಲ್ಲಿ ಬಡಿಸಿಕೊಳ್ಳುತ್ತಿಲ್ಲ, ಮುದ್ದೆಯನ್ನು ಭಾಗ್ಯಳೇ ತಟ್ಟೆಗೆ ಹಾಕಬೇಕು. ಅವರ ಮೇಲೆ ನನಗೆ ಕೋಪವಿಲ್ಲ. ಹೊಲವಿದ್ದ ಕಡೆ ಫ್ಯಾಕ್ಟರಿ ಬಂದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಅವರಿಗೆ ಆ ಗಾಡಿಯೊಂದೇ ಉಳಿದಿರುವುದು. ಆದರೆ ನನಗೆ ಭಯ ರೀ, ತಡೆಯಲಾರದಷ್ಟು ಭಯ. ಸ್ಕೂಲಿನ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಲಾರಿ ಹಾರ್ನ್ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತದೆ. ನಿಮ್ಮ ಮಾತಿಗಲ್ಲದೆ ಅವರು ಬೇರೆ ಯಾರ ಮಾತಿಗೂ ಬಗ್ಗುವವರಲ್ಲ. ರಜ ಸಿಗದಿದ್ದರೆ ಅವರ ಹೆಸರಿಗೇ ಒಂದು ತಂತಿ ಕೊಡಿ. ಡಾಕ್ಟರ್ ಹೇಳಿದ್ದು ನಿಜ, ಕೆಂಚನನ್ನು ಕಟ್ಟಬೇಡಿ ಎಂದಿದ್ದರೆ ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣಿ. ನಂಬಿದ ದೇವರು ನಿಮ್ಮನ್ನು ಕಾಪಾಡಲಿ. ಅಪ್ಪ ಬರುವಾಗ ಬಳೆ ತರಬೇಕಂತೆ, ಭಾಗ್ಯಳ ಅಪ್ಪಣೆ.

ನಿಮ್ಮ
ವಸಂತ

ತಾ.ಕ.: ಕವರ್ ಅಂಟಿಸಲು ಹೋದವಳು ಮತ್ತೆ ಬರೆಯುತ್ತಿದ್ದೇನೆ. ಈ ವಾರವೆಲ್ಲ ಭಾಗ್ಯಳಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ಇಟ್ಟುಕೊಂಡಿದ್ದೆ. ಇವತ್ತು ಗಾಡಿ ಹೊರಟಾಗ ರಾಮಮ್ಮನ ಮಗಳು ನನಗೆ ಕೈ ಬೀಸಿದಳು, ನಾನೂ ಬೀಸಿದೆ. ತಿರುಗಿ ಒಳಗೆ ಬಂದರೆ ಭಾಗ್ಯ ಮನೆಯಲ್ಲಿ ಆಡಿಕೊಂಡಿದ್ದಳು. ನಾಳೆಯಿಂದ ಕೆಂಚನ ಕಡಿವಾಣ ಹಿಡಿದು ಸ್ಕೂಲಿನವರೆಗೂ ನಾನೇ ಮುಂದೆ ನಡೆಯುತ್ತೇನೆ. ಮಾವ ಬೈಯಲಿ, ಬೀದಿಯವರು ನಗಲಿ, ನಾನು ಮುಂದಿದ್ದರೆ ಓಡಿಸಲಾರರು. ರಸ್ತೆ ದಾಟುವಾಗ ಮಕ್ಕಳನ್ನೆಲ್ಲ ಇಳಿಸುತ್ತೇನೆ. ಕುದುರೆ ಬಿದ್ದರೆ ಮೊದಲು ನನ್ನ ಮೇಲೆ ಬೀಳಲಿ. ಭಾಗ್ಯಳನ್ನೂ ಗಾಡಿ ಹತ್ತಿಸುತ್ತಿದ್ದೇನೆ. ಬೇರೆಯವರ ಮಕ್ಕಳನ್ನು ಮಾತ್ರ ಹಿಂದೆ ಕೂರಿಸಿಕೊಂಡು ನಡೆಯುವುದು ನನ್ನಿಂದಾಗದು. ಬೇಗ ತಂತಿ ಕೊಡಿ.