ಸೊಣ್ಣಮ್ಮ ನೇಯ್ದ ಧಾರೆ ಸೀರೆ

ದೊಡ್ಡಬಳ್ಳಾಪುರ
೮ ಏಪ್ರಿಲ್ ೧೯೪೬

ನನ್ನ ಭಾಗ್ಯಾ,

ಸೊಣ್ಣಮ್ಮನಿಗೆ ಕೆಲಸ ಸಿಕ್ಕಿತು ಕಣೇ, ಅದೂ ನಮ್ಮ ಮಾವನವರ ಮಗ್ಗದಲ್ಲೇ! ಅವಳ ಮೊದಲ ಸೀರೆ ಮಗ್ಗದಿಂದ ಇಳಿದ ಖುಷಿಗೆ ನಿನ್ನೆಯಿಂದ ಕುಣಿದಾಡುತ್ತಿದ್ದೇನೆ. ಹೊಸ ಸೊಸೆಗೆ ಹುಚ್ಚು ಹಿಡಿಯಿತೆಂದು ಅತ್ತೆಯವರು ಮುಖ ಸಿಂಡರಿಸಿದರು. ನಮ್ಮವರು ಬಾಗಿಲ ಮರೆಯಲ್ಲಿ ನಿಂತು ನಕ್ಕರು. ಎಷ್ಟು ಮುದ್ದಾಗಿ ನಗುತ್ತಾರೆ ಗೊತ್ತೇನೆ!

ಆದರೆ ನೀನು ಹಿಗ್ಗಬೇಡ. ನಿನ್ನ ಮಹಿಳಾ ಸಮಿತಿಗೆ ಇದರಲ್ಲಿ ಚೂರೂ ಪಾಲಿಲ್ಲ. ನಮ್ಮೂರಿನ ಗಂಡ ಸತ್ತ ಬಡ ಹೆಂಗಸರಿಗೆ ರಾಗಿ ಕೊಡುತ್ತಿದ್ದಿರಿ, ಸರಿ. ಬಿಟ್ಟಿ ಕೂಳು ಸೋಮಾರಿತನ ಕಲಿಸುತ್ತದೆಂದು ಅವರನ್ನು ಇಲ್ಲಿನ ಛತ್ರದಲ್ಲಿ ಕೂರಿಸಿ ರೇಷ್ಮೆ ನೇಯುವುದನ್ನು ಕಲಿಸಿದಿರಿ. ಸರ್ಟಿಫಿಕೇಟು ಕೊಟ್ಟ ದಿನವೇ ರಾಗಿ ನಿಲ್ಲಿಸಿದಿರಿ. ನಮ್ಮ ಬೀದಿಯ ಮಗ್ಗಗಳಲ್ಲಿ ನೇಯುವುದೆಲ್ಲ ಧಾರೆ ಸೀರೆ, ಅದರ ನೂಲನ್ನು ವಿಧವೆಗೆ ಮುಟ್ಟಲು ಬಿಡುವುದಿಲ್ಲ ಎಂಬುದನ್ನು ನಿಮ್ಮಲ್ಲಿ ಒಬ್ಬಳಾದರೂ ವಿಚಾರಿಸಿದಳೇನೆ?

ನಿಮ್ಮ ಸರ್ಟಿಫಿಕೇಟು ಹಿಡಿದು ಸೊಣ್ಣಮ್ಮ ಮನೆಮನೆ ಸುತ್ತಿದಳು. ಎಲ್ಲರೂ ಕೈಕೆಲಸ ಹೊಗಳಿ ಹೊಸ್ತಿಲಿಂದಲೇ ಕಳಿಸಿದರು. ನಮ್ಮ ಜಗಲಿಯಲ್ಲಿ ಕುಸಿದು ಕೂತು ಅಂದಳು: "ಕೆಲ್ಸ ಇಲ್ದಾಗ ರಾಗಿನಾದ್ರೂ ಇತ್ತು. ಕೆಲ್ಸ ಕಲ್ತೆ, ಈಗ ಎರಡೂ ಇಲ್ಲ ಕಣವ್ವಾ. ಆ ಕಾಗ್ದ ಬೇಯ್ಸಿದ್ರೆ ಮುದ್ದೆ ಆಯ್ತದಾ?" ಅವಳನ್ನು ಅಲ್ಲೇ ಕೂರಿಸಿ ಒಳಗೆ ನುಗ್ಗಿದೆ.

ಮಾವನವರ ಹತ್ತಿರ ಜಗಳಕ್ಕೇ ನಿಂತೆ. "ನಂದೇನೂ ಅಡ್ಡಿ ಇಲ್ಲಮ್ಮ," ಅಂದರು. "ಯಾರು ನೇಯ್ದಿದ್ದು ಅಂತ ಗೊತ್ತಿದ್ದೂ ಉಡೋ ಮದುವೆ ಹೆಣ್ಣು ಒಬ್ಬಳನ್ನ ತೋರ್ಸು. ಮಗ್ಗ ಸೊಣ್ಣಮ್ಮಂದೇ."

"ಮಾತು ಸುಲಭ," ಎಂದು ಅತ್ತೆಯವರು ಚುಚ್ಚಿದರು. "ನಿಂದೇ ಮದುವೆ ಆಗಿದ್ರೆ ನೀನು ಉಡ್ತಿದ್ಯೇನವ್ವಾ?" ಓಹೋ, ಖಂಡಿತ ಎಂದೆ. ನನ್ನದು ಮುಗಿದಿದೆಯಲ್ಲ!

ತಡಮಾಡದೆ ಒಂದು ಹೆಸರು ಹೇಳಿದೆ. ಮಾವನವರು ನಂಬಿದರು. ಸೊಣ್ಣಮ್ಮ ಮಗ್ಗದ ಗುಂಡಿಗಿಳಿದಳು. ನಿನ್ನೆ ಸೀರೆ ಇಳಿಯಿತು. ಅರಿಶಿನ ಬಣ್ಣ, ಕೆಂಪು ಅಂಚು, ಎಲ್ಲೂ ಒಂದು ಎಳೆ ತಪ್ಪಿಲ್ಲ. ಆ ಹುಡುಗಿ ಉಟ್ಟರೆ ಸೊಣ್ಣಮ್ಮನಿಗೆ ಮಗ್ಗ ಉಳಿಯುತ್ತದೆ. ಬೇಡವೆಂದರೆ ಮಾವನವರು ಮರುದಿನವೇ ಅವಳನ್ನು ಎಬ್ಬಿಸುತ್ತಾರೆ.

ನಿನ್ನ ಮೇಲೆ ಇನ್ನೂ ಕೆಂಡವಾಗಿರುವ,
ಗಂಗೂ

ಮರೆತಿದ್ದೆ: ನಾನು ಹೇಳಿದ ಹೆಸರು ನಿನ್ನದು. ಮುಂದಿನ ತಿಂಗಳು ಧಾರೆಗೆ ನಿಲ್ಲುವವಳು ನೀನೇ ತಾನೇ, ಸಮಿತಿಯ ಕಾರ್ಯದರ್ಶಿಯೂ ನೀನೇ. ನಿನ್ನಮ್ಮನಿಗೆ ನೀನೇ ಹೇಳಿಕೋ. ಒಲ್ಲೆ ಎನ್ನುವುದಾದರೆ ನನಗೆ ಬರೆಯಬೇಡ, ಸೊಣ್ಣಮ್ಮನ ಮುಖ ನೋಡಿ ಹೇಳು. ಸೀರೆ ಹಿಡಿದು, ಅವಳನ್ನೂ ಕರೆದುಕೊಂಡು ಗುರುವಾರ, ಗುಂತಕಲ್ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್‌ಗೆ ನಿನ್ನೂರಿಗೆ ಬರುತ್ತಿದ್ದೇನೆ.